12,833 ರುಜು: ಸಂಪಾದಕ ಮಾರ್ಕುಸ್ ತ್ರಾನೆ ಕಟ್ಟಿದ ಚಳವಳಿ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಹತ್ತೊಂಬತ್ತನೇ ಶತಮಾನದ ನಡುವಿನ ನಾರ್ವೆಯದು, ಅಲ್ಲಿ ಕಾರ್ಮಿಕರ ಚಳವಳಿ ಕಟ್ಟಿದ ಪತ್ರಿಕಾ ಸಂಪಾದಕ ಮಾರ್ಕುಸ್ ತ್ರಾನೆಯದು. ಆಗ ಅದು ಸುಮಾರು 14 ಲಕ್ಷ ಜನರ ಬಡ ದೇಶ. ಮೀನು, ಮರ, ಒಂದಿಷ್ಟು ಗಣಿ, ಉಳಿದಂತೆ ಕಲ್ಲುನೆಲದ ಬೇಸಾಯ. 1814ರಲ್ಲಿ ಅದಕ್ಕೆ ತನ್ನದೇ ಸಂವಿಧಾನ ಬಂದಿತ್ತು, ಸ್ಟೂರ್ಟಿಂಗ್ ಎಂಬ ಸಂಸತ್ತೂ ಇತ್ತು. ಆದರೆ ರಾಜ ಸ್ವೀಡನ್ನಿನವನು, ಎರಡೂ ದೇಶಕ್ಕೆ ಅವನೊಬ್ಬನೇ. ಆ ಸಂವಿಧಾನವನ್ನು ಅಂದಿನ ಯುರೋಪಿನ ಬಹಳ ಉದಾರ ಸಂವಿಧಾನಗಳಲ್ಲಿ ಒಂದೆಂದು ಹೊಗಳುತ್ತಾರೆ. ಹೊಗಳಿಕೆ ಸುಳ್ಳಲ್ಲ. ಆದರೆ 50ನೇ ಕಲಂ ಓದಿದರೆ ಅದರ ಅಳತೆ ತಿಳಿಯುತ್ತದೆ. ಮತ ಹಾಕಲು ಗಂಡಸಾಗಿರಬೇಕು, 25 ವರ್ಷ ದಾಟಿರಬೇಕು, ಸರ್ಕಾರಿ ಅಧಿಕಾರಿಯಾಗಿರಬೇಕು. ಅಧಿಕಾರಿಯಲ್ಲದಿದ್ದರೆ ಹಳ್ಳಿಯಲ್ಲಿ ಕಂದಾಯದ ಜಮೀನಿನ ಒಡೆಯನೋ ದೀರ್ಘ ಗೇಣಿದಾರನೋ ಆಗಿರಬೇಕು, ಪಟ್ಟಣದಲ್ಲಿ ವ್ಯಾಪಾರದ ಹಕ್ಕುಳ್ಳವನೋ ಆಸ್ತಿವಂತನೋ ಆಗಿರಬೇಕು. ಗರಗಸದ ಮಿಲ್ಲಿನ ಕೂಲಿ, ಕುಶಲಕರ್ಮಿಯ ಕೈಕೆಳಗಿನ ಹುಡುಗ, ಮನೆಯಾಳು ಇವರಾರೂ ಲೆಕ್ಕಕ್ಕಿಲ್ಲ.

ಲೆಕ್ಕಕ್ಕಿಲ್ಲದವರಲ್ಲಿ ಬಹುದೊಡ್ಡ ಗುಂಪು ಹೂಸ್‌ಮನ್ನರದು, ಅಂದರೆ ರೈತನ ನೆಲದಲ್ಲಿ ಬದುಕುವ ಒಕ್ಕಲಿನವರದು. ಇವರನ್ನು ಅರ್ಥ ಮಾಡಿಕೊಳ್ಳದೆ ತ್ರಾನೆ ಅರ್ಥವಾಗುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ರೈತನ ಜಮೀನಿನ ಅಂಚಿನಲ್ಲಿ ಒಂದು ಗುಡಿಸಲು, ಆಲೂಗಡ್ಡೆಗೆ, ಒಂದೆರಡು ದನಕ್ಕೆ ಸಾಕಾಗುವಷ್ಟು ನೆಲ. ಅದಕ್ಕೆ ಬದಲಾಗಿ ಧಣಿ ಕರೆದ ದಿನ ಅವನ ಹೊಲಕ್ಕೆ ಹೋಗಲೇಬೇಕು. ಪೂರ್ತಿ ಬಿಟ್ಟಿ ಎನ್ನುವಂತಿಲ್ಲ, ಅನೇಕ ಕಡೆ ಕೂಲಿ ಕೊಡುತ್ತಿದ್ದರು. ಆದರೆ ದರ ಗೊತ್ತುಮಾಡುವವನು ಧಣಿಯೇ. ದೊಡ್ಡ ಸಂಕಟ ಕೂಲಿಯದಲ್ಲ, ಹವಾಮಾನದ್ದು. ಆ ದೇಶದಲ್ಲಿ ಹುಲ್ಲು ಒಣಗಿಸುವುದಕ್ಕೆ ಸಿಗುವ ಬಿಸಿಲಿನ ದಿನಗಳು ಎಣಿಕೆಯವು. ಆ ದಿನಗಳಲ್ಲೇ ಧಣಿಯ ಕರೆ ಬರುತ್ತದೆ; ಅವನ ಹುಲ್ಲು ಒಣಗಿ ಕೊಟ್ಟಿಗೆ ಸೇರುತ್ತದೆ, ಒಕ್ಕಲಿನವನ ಹುಲ್ಲು ಮಳೆಗೆ ಕೊಳೆಯುತ್ತದೆ. ಎಷ್ಟೋ ಕಡೆ ಕರಾರು ಬಾಯಿಮಾತಿನದು, ಎದುರು ಮಾತಾಡಿದರೆ ಗುಡಿಸಲು ಬಿಡಬೇಕು. 1855ರ ಜನಗಣತಿಯ ಹೊತ್ತಿಗೆ ಹೀಗೆ ತುಂಡು ನೆಲ ಹಿಡಿದಿದ್ದ ಕುಟುಂಬದ ಯಜಮಾನರೇ ಸುಮಾರು 65 ಸಾವಿರ.

ಮಾರ್ಕುಸ್ ತ್ರಾನೆ ಇವರ ನಡುವೆ ಹುಟ್ಟಿದವನಲ್ಲ. 1817ರ ಅಕ್ಟೋಬರ್ 14ರಂದು ಕ್ರಿಸ್ಟಿಯಾನಿಯಾದಲ್ಲಿ, ಅಂದರೆ ಇಂದಿನ ಓಸ್ಲೊದಲ್ಲಿ, ಒಳ್ಳೆಯ ಮನೆತನದಲ್ಲಿ ಹುಟ್ಟಿದ. ಬ್ಯಾಂಕಿನಲ್ಲಿದ್ದ ತಂದೆ ಹಣ ದುರುಪಯೋಗ ಮಾಡಿ ಸಿಕ್ಕಿಬಿದ್ದ, ಮನೆಯ ಮಾನ ಬೀದಿಪಾಲಾಯಿತು. ಹುಡುಗ ಬೇಗ ಅನಾಥನಾದ. ಇಪ್ಪತ್ತರ ಹರೆಯದಲ್ಲಿ ಯುರೋಪ್ ಸುತ್ತಲು ಹೋಗಿ, ಪಾಸ್‌ಪೋರ್ಟ್ ಇಲ್ಲದೆ ಫ್ರಾನ್ಸಿನಲ್ಲಿ ಜೈಲು ಕಂಡ. ಊರಿಗೆ ಮರಳಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಮುಗಿಸಿದ, 1841ರಲ್ಲಿ ಜೋಸೆಫಿನ್ ಬುಕ್ ಎಂಬಾಕೆಯನ್ನು ಮದುವೆಯಾದ. ಗಂಡಹೆಂಡತಿ ಲಿಲ್ಲೆಹಾಮೆರ್‌ನಲ್ಲಿ ಶಾಲೆ ನಡೆಸಿದರು. ಮುಂದೆ ಮೂದುಮ್‌ನಲ್ಲಿ, ಕೋಬಾಲ್ಟ್ ಅದಿರಿನಿಂದ ನೀಲಿ ಬಣ್ಣ ತೆಗೆಯುವ ದೊಡ್ಡ ಕಾರ್ಖಾನೆಯ ಊರಿನಲ್ಲಿ, ಮೇಷ್ಟ್ರಾದ. ಕಾರ್ಮಿಕರ ಬದುಕನ್ನು ಹತ್ತಿರದಿಂದ ನೋಡಿದ್ದು ಅಲ್ಲಿ.

1848 ಬಂತು. ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಕ್ರಾಂತಿ. ಯುರೋಪಿನ ಆರ್ಥಿಕ ಬಿಕ್ಕಟ್ಟಿನಿಂದ ಮರದ ವ್ಯಾಪಾರ ಕುಸಿಯಿತು. ದ್ರಾಮೆನ್ ಎಂಬ ಬಂದರು ಊರು ಬದುಕುತ್ತಿದ್ದುದೇ ಮರದ ರಫ್ತಿನಿಂದ. ಅದೇ ಬೇಸಿಗೆಯಲ್ಲಿ ತ್ರಾನೆ ಅಲ್ಲಿನ 'ದ್ರಾಮೆನ್ಸ್ ಅದ್ರೆಸ್ಸೆ' ಪತ್ರಿಕೆಯ ಸಂಪಾದಕನಾದ. ಹಡಗು ಬಂದ ಹೋದ ಸುದ್ದಿ, ಹರಾಜು, ಜಾಹೀರಾತು ಓದಿಕೊಂಡಿದ್ದ ವ್ಯಾಪಾರಿಗಳ ಕೈಗೆ ಸಾರ್ವತ್ರಿಕ ಮತದಾನದ ಲೇಖನಗಳು ಬರತೊಡಗಿದವು. ಚಂದಾದಾರರು ಒಬ್ಬೊಬ್ಬರಾಗಿ ಕಳಚಿಕೊಂಡರು. ವರ್ಷ ಮುಗಿಯುವುದರೊಳಗೆ ಮಾಲೀಕ ಸಂಪಾದಕನನ್ನು ಮನೆಗೆ ಕಳಿಸಿದ. ವ್ಯಾಪಾರದ ದೃಷ್ಟಿಯಿಂದ ಮಾಲೀಕನ ತಪ್ಪಿಲ್ಲ ಅನ್ನಿ. ಆದರೆ ಚಂದಾ ಯಾರು ಕೊಡುತ್ತಾರೋ ಪತ್ರಿಕೆ ಅವರದು ಎಂಬ ಪಾಠವನ್ನು ತ್ರಾನೆ ಚೆನ್ನಾಗಿ ಕಲಿತ. ಮುಂದಿನದ್ದೆಲ್ಲ ಆ ಪಾಠದ ಬಳಕೆ.

1848ರ ಡಿಸೆಂಬರ್ 27ರಂದು ದ್ರಾಮೆನ್‌ನಲ್ಲಿ ಕಾರ್ಮಿಕ ಸಂಘ ಹುಟ್ಟಿತು, ಸದಸ್ಯರು 160. 1849ರ ಮೇ 5ರಂದು, ಶನಿವಾರ, 'ಆರ್ಬೈದೆರ್-ಫೊರೆನಿಂಗೆರ್ನೆಸ್ ಬ್ಲಾದ್' ಹೊರಬಂತು. ಕಾರ್ಮಿಕ ಸಂಘಗಳ ಪತ್ರಿಕೆ ಎಂದೇ ಅದರ ಅರ್ಥ. ಮೊದಲು ಸಂಘ, ಆಮೇಲೆ ಸಂಘದ ಹೆಸರಿನಲ್ಲಿ ಪತ್ರಿಕೆ. ಓದುಗನೇ ಸದಸ್ಯ, ಸದಸ್ಯನೇ ಚಂದಾದಾರ. ಒಂದು ಊರಿನ ಸಂಘ ತನ್ನ ದೂರು ಬರೆದು ಕಳಿಸಿದರೆ ಅದು ಅಚ್ಚಾಗಿ ಬೇರೆ ಊರಿನ ಸಂಘದ ಕೈಗೆ ಹೋಗುತ್ತಿತ್ತು. ಕಣಿವೆಗೊಂದು ಉಪಭಾಷೆ ಇರುವ, ಚಳಿಗಾಲದಲ್ಲಿ ದಾರಿ ಮುಚ್ಚುವ ದೇಶದಲ್ಲಿ, ನಮ್ಮ ಧಣಿಯ ಹಾಗೆಯೇ ಅವರ ಧಣಿಯೂ ಎಂದು ಒಕ್ಕಲಿನವನಿಗೆ ತಿಳಿದದ್ದು ಹೀಗೆ.

ಕೂಲಿಕಾರರು ಪತ್ರಿಕೆ ಓದುತ್ತಿದ್ದರೇ ಎಂದು ಕೇಳಬಹುದು. ಓದುತ್ತಿದ್ದರು. 1736ರಿಂದ ಲೂಥರನ್ ಚರ್ಚಿನಲ್ಲಿ ದೃಢೀಕರಣದ ವಿಧಿ, ಅಂದರೆ ಹರೆಯದವರು ಚರ್ಚಿನ ಮುಂದೆ ತಮ್ಮ ನಂಬಿಕೆಯನ್ನು ಖಚಿತಪಡಿಸುವ ವಿಧಿ, ಎಲ್ಲ ಮಕ್ಕಳಿಗೂ ಕಡ್ಡಾಯವಾಗಿತ್ತು, ಅದಕ್ಕೆ ಧರ್ಮಪ್ರಶ್ನೋತ್ತರ ಓದಲು ಬರಬೇಕಿತ್ತು. ಓದು ಬೇರೆ, ಬರಹ ಬೇರೆ. ಬರೆಯಲು ಬಾರದ ಎಷ್ಟೋ ಮಂದಿಗೆ ಓದಲು ಬರುತ್ತಿತ್ತು. ಪಾದ್ರಿಗಳು ದೇವರ ಮಾತಿಗಾಗಿ ಕಲಿಸಿದ ಅಕ್ಷರವನ್ನು ತ್ರಾನೆ ತನ್ನ ಕೆಲಸಕ್ಕೆ ಹಚ್ಚಿಕೊಂಡ. ಪಾದ್ರಿಗಳಿಗೆ ಇದು ಹಿಡಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಎರಡು ವರ್ಷದೊಳಗೆ ಸಂಘಗಳು 300 ದಾಟಿದವು, ಸದಸ್ಯರು 20 ಸಾವಿರ ಮೀರಿದರು. ಅಂದಿನ ಜನಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದರೆ ಇದು ಸಣ್ಣ ಸಂಖ್ಯೆಯಲ್ಲ. ಪಟ್ಟಣದ ಕುಶಲಕರ್ಮಿಗಳಿಗಿಂತ ಹಳ್ಳಿಯ ಒಕ್ಕಲಿನವರೇ ಹೆಚ್ಚು. ಸಾಲದಲ್ಲಿ ಮುಳುಗಿದ ಸಣ್ಣ ರೈತರೂ ಸೇರಿದ್ದರು.

ಈ ಬಲವನ್ನು ಬಳಸಿದ್ದು ಒಂದು ಅರ್ಜಿಗೆ. ಇಂಗ್ಲೆಂಡಿನಲ್ಲಿ ಮತದ ಹಕ್ಕಿಗೆ ಹೋರಾಡಿದ ಕಾರ್ಮಿಕರು, ಚಾರ್ಟಿಸ್ಟರು, ಮಾಡಿದ್ದೂ ಇದನ್ನೇ: ರುಜು ಸಂಗ್ರಹಿಸು, ಮೇಲಿನವರ ಮುಂದಿಡು. ಚಾರ್ಟಿಸ್ಟರು ಸಂಸತ್ತಿಗೆ ಹೋದರೆ ತ್ರಾನೆ 1850ರ ಮೇ ತಿಂಗಳಲ್ಲಿ ರಾಜ ಒಂದನೇ ಒಸ್ಕಾರ್‌ಗೆ ಅರ್ಜಿ ಕಳಿಸಿದ. ಇದನ್ನು ಅವನ ಭೋಳೆತನ ಎನ್ನುವವರುಂಟು. ಅವರು ಮರೆಯುವ ಒಂದು ಸಂಗತಿಯಿದೆ. ಆಗ ಸ್ಟೂರ್ಟಿಂಗ್‌ನ ಸಾಮಾನ್ಯ ಅಧಿವೇಶನ ಮೂರು ವರ್ಷಕ್ಕೊಮ್ಮೆ. 1848ರದ್ದು ಮುಗಿದಿತ್ತು, ಮುಂದಿನದು 1851ಕ್ಕೆ. ಚಳವಳಿ ಕಾವೇರಿದ್ದ 1850ರಲ್ಲಿ ತಟ್ಟಲು ಇದ್ದ ಬಾಗಿಲು ಅರಮನೆಯದೊಂದೇ.

ಅರ್ಜಿಯಲ್ಲಿ 12,833 ರುಜುಗಳಿದ್ದವು. ಬೇಡಿಕೆಗಳನ್ನು ಇಂದು ಓದಿದರೆ ಎದೆ ನಡುಗುವಂಥದ್ದು ಏನೂ ಇಲ್ಲ. ಧಾನ್ಯದ ಮೇಲಿನ ಆಮದು ಸುಂಕ ತೆಗೆಯಿರಿ, ರೊಟ್ಟಿ ಅಗ್ಗವಾಗಲಿ. ವ್ಯಾಪಾರದ ಮೇಲಿನ ನಿರ್ಬಂಧ ಸಡಿಲಿಸಿ. ಹೆಂಡದ ಮಾರಾಟಕ್ಕೆ ಕಡಿವಾಣ ಹಾಕಿ. ಒಳ್ಳೆಯ ಪ್ರಾಥಮಿಕ ಶಾಲೆ ಕೊಡಿ. ಒಕ್ಕಲಿನವರ ಸ್ಥಿತಿ ಸುಧಾರಿಸಿ. ನ್ಯಾಯಾಲಯದಲ್ಲಿ ಬಡವನಿಗೂ ನ್ಯಾಯ ಸಿಗಲಿ. ಸೈನ್ಯದ ಕಡ್ಡಾಯ ಸೇವೆ ಎಲ್ಲರಿಗೂ ಒಂದೇ ಆಗಲಿ, ಏಕೆಂದರೆ ಆಗ ಅದರ ಹೊರೆಯೆಲ್ಲ ಹಳ್ಳಿಯ ಹುಡುಗರ ಮೇಲಿತ್ತು. ಕೊನೆಗೆ, ಎಲ್ಲ ಗಂಡಸರಿಗೂ ಮತ. ಹೆಂಗಸರ ಮಾತು ಅರ್ಜಿಯಲ್ಲಿಲ್ಲ. ಹೆಂಡಕ್ಕೆ ಕಡಿವಾಣ ಕೇಳಿದ್ದನ್ನು ಗಮನಿಸಿ: ಇದು ಗುಂಪುಗೂಡಿ ಗಾಜು ಒಡೆಯುವವರ ಅರ್ಜಿಯಲ್ಲ.

ಅದೇ ಬೇಸಿಗೆಯಲ್ಲಿ ಕ್ರಿಸ್ಟಿಯಾನಿಯಾದಲ್ಲಿ ಸಂಘಗಳ ಮಹಾಸಭೆ ನಡೆಯಿತು, ನೂರಕ್ಕೂ ಹೆಚ್ಚು ಪ್ರತಿನಿಧಿಗಳು ಬಂದರು. ನವೆಂಬರ್‌ನಲ್ಲಿ ರಾಜನಿಂದ ಉತ್ತರ ಬಂತು: ಇಲ್ಲ. 1851ರಲ್ಲಿ ಸ್ಟೂರ್ಟಿಂಗ್‌ಗೆ ಹೋದರೆ ಅಲ್ಲಿಯೂ ಅದೇ.

ಕೆಟ್ಟದ್ದು ಎಲ್ಲಿ? ಮೊದಲನೆಯದು, ಮತವಿದ್ದ ರೈತ ಈ ಕಡೆ ಬರಲಿಲ್ಲ. ಅಧಿಕಾರಿಗಳ ದರ್ಬಾರಿನ ವಿರುದ್ಧ ಸ್ಟೂರ್ಟಿಂಗ್‌ನಲ್ಲಿ ಗುಡುಗುತ್ತಿದ್ದ ರೈತ ಪ್ರತಿನಿಧಿಯೇ ಊರಿನಲ್ಲಿ ಒಕ್ಕಲಿನವರ ಧಣಿ. ತೆರಿಗೆ ಇಳಿಸುವ ಮಾತಿಗೆ ಅವನು ಜೊತೆ, ದುಡಿಮೆಯ ದಿನ ಇಳಿಸುವ ಮಾತಿಗೆ ಅವನೇ ಎದುರಾಳಿ. ಇದು ತ್ರಾನೆ ಸರಿಪಡಿಸಬಹುದಾಗಿದ್ದ ತಪ್ಪಲ್ಲ. ಎರಡನೆಯದು ಅವನ ಕೈಯಳತೆಯಲ್ಲಿತ್ತು. ಅರ್ಜಿ ತಿರಸ್ಕೃತವಾದ ಮೇಲೆ ಏನು ಮಾಡಬೇಕು ಎಂಬುದಕ್ಕೆ ಅವನ ಬಳಿ ಯೋಜನೆ ಇರಲಿಲ್ಲ. ಮತವಿಲ್ಲದವರಿಗೆ ಚುನಾವಣೆಯ ದಾರಿ ಇಲ್ಲ. ಗುಡಿಸಲಿನಿಂದ ಹೊರದಬ್ಬಿಸಿಕೊಳ್ಳುವ ಭಯವಿರುವ ಒಕ್ಕಲಿನವರಿಂದ ಮುಷ್ಕರ ಮಾಡಿಸುವುದೂ ಕಷ್ಟ. ಆ ಖಾಲಿ ಜಾಗವನ್ನು ಬಿರುಮಾತು ತುಂಬಿತು. 1851ರ ಜೂನ್‌ನ ಮಹಾಸಭೆಯಲ್ಲಿ ಕ್ರಾಂತಿಯ ಮಾತೇ ಎದ್ದಿತು. ಹೋನೆಫೋಸ್‌ನಲ್ಲಿ ಟೋಪಿ ಮಾಡುವವನೊಬ್ಬ ಚಳವಳಿಯ ಮುಂದಾಳಾಗಿದ್ದ. ಅವನ ಸುತ್ತ ಎದ್ದ ಗಲಭೆಗೆ ಸೈನ್ಯ ಹೋಯಿತು. ಸರ್ಕಾರ ಕಾಯುತ್ತಿದ್ದುದು ಇಂಥದ್ದಕ್ಕೇ.

1851ರ ಜುಲೈ 7ರಂದು ಪೊಲೀಸರು ತ್ರಾನೆಯನ್ನೂ ಜೊತೆಗಾರರನ್ನೂ ಹಿಡಿದರು. ಪತ್ರಿಕೆಯ ಅಚ್ಚುಕೂಟದ ಮೇಲೂ ದಾಳಿಯಾಯಿತು. ಆಗ ಅಲ್ಲಿನ ಮೇಸ್ತ್ರಿ, ಸಿಕ್ಕಿಬೀಳಿಸುವಂಥ ಹಸ್ತಪ್ರತಿಗಳನ್ನು ಬೇಡದ ಕಾಗದದಂತೆ ನೆಲಕ್ಕೆ ಚೆಲ್ಲಿದನಂತೆ, ಪೊಲೀಸರು ಕಪಾಟು ಹುಡುಕಿ ಹೋದರಂತೆ. ಆ ಕಾಗದಗಳಿಂದ ತೊಂದರೆಗೆ ಸಿಲುಕಬಹುದಾಗಿದ್ದವರಲ್ಲಿ 23 ವರ್ಷದ ತರುಣನೊಬ್ಬ ಇದ್ದ: ಹೆನ್ರಿಕ್ ಇಬ್ಸೆನ್. ಮುಂದೆ ನಮ್ಮ ರಂಗಭೂಮಿಯವರೆಗೂ ಬಂದ ನಾಟಕಕಾರ ಆಗ ಈ ಪತ್ರಿಕೆಗೆ ಬರೆಯುತ್ತಿದ್ದ, ಕಾರ್ಮಿಕರ ಭಾನುವಾರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಅವನ ಗೆಳೆಯ ತೆಯೊದೋರ್ ಆಬಿಲ್ಗೋರ್ ಜೈಲು ಸೇರಿದ, ಇಬ್ಸೆನ್ ಉಳಿದುಕೊಂಡ. ಆ ಮೇಸ್ತ್ರಿಯ ಕೈ ಒಂದು ಗಳಿಗೆ ತಡವಾಗಿದ್ದರೆ ನಾಟಕದ ಚರಿತ್ರೆಯಲ್ಲಿ ಏನೇನು ತಪ್ಪಿಹೋಗುತ್ತಿತ್ತೋ!

ರಾಜ್ಯದ ಭದ್ರತೆಗೆ ಅಪಾಯ ತಂದರೆಂಬುದು ಆರೋಪ. ವಿಚಾರಣೆ ವರ್ಷಗಟ್ಟಲೆ ಎಳೆಯಿತು. 1855ರಲ್ಲಿ ಸುಪ್ರೀಂ ಕೋರ್ಟು ತ್ರಾನೆಗೆ ನಾಲ್ಕು ವರ್ಷ ಕಠಿಣ ಶಿಕ್ಷೆ ಕಾಯಂ ಮಾಡಿತು, ಬೇರೆ ನೂರಕ್ಕೂ ಹೆಚ್ಚು ಜನರಿಗೂ ಶಿಕ್ಷೆಯಾಯಿತು. ತೀರ್ಪಿಗೆ ಮುಂಚೆ ಒಳಗೆ ಕಳೆದ ಕಾಲ ಲೆಕ್ಕಕ್ಕೆ ಬರಲಿಲ್ಲ. ಹೀಗಾಗಿ ನಾಲ್ಕು ವರ್ಷದ ಶಿಕ್ಷೆ ಏಳು ವರ್ಷವಾಗಿ, ಅವನು ಹೊರಬಂದದ್ದು 1858ರಲ್ಲಿ. ಅವನು ಒಳಗಿದ್ದಾಗ ಪತ್ರಿಕೆಯನ್ನು ನಡೆಸಿದವಳು ಜೋಸೆಫಿನ್. ಮನೆ, ಮಕ್ಕಳು, ಕರಗುತ್ತಿದ್ದ ಚಂದಾದಾರರು, ಇವೆಲ್ಲದರ ನಡುವೆ ಆಕೆ ಅದನ್ನು ಹಿಡಿದುಕೊಂಡಿದ್ದಳು. ಚರಿತ್ರೆಯ ಪುಸ್ತಕಗಳು ಆಕೆಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತವೆ, ಅದು ಸಾಲದು. 1856ರಲ್ಲಿ ಪತ್ರಿಕೆ ನಿಂತಿತು.

ಚಳವಳಿ ಒಡೆದರೂ ಬೇಡಿಕೆಗಳು ಒಂದೊಂದಾಗಿ ಕಾನೂನಿನ ಪುಸ್ತಕ ಸೇರಿದವು, ಕೇಳಿದವನ ಹೆಸರಿಲ್ಲದೆ. ಬಂಧನವಾಗಿ ಮೂರು ತಿಂಗಳು ತುಂಬುವ ಮೊದಲೇ, 1851ರ ಸೆಪ್ಟೆಂಬರ್‌ನಲ್ಲಿ, ಒಕ್ಕಲಿನವರ ಕರಾರು ಲಿಖಿತವಾಗಿರಬೇಕೆಂಬ ಕಾನೂನು ಬಂತು. ಸೈನ್ಯದ ಕಡ್ಡಾಯ ಸೇವೆ ಪಟ್ಟಣದವರಿಗೂ 1854ರಲ್ಲಿ ಬಂತು. ಎಲ್ಲ ಗಂಡಸರಿಗೆ ಮತ ಸಿಕ್ಕಿದ್ದು 1898ರಲ್ಲಿ, ಹೆಂಗಸರಿಗೆ 1913ರಲ್ಲಿ. ಇದೆಲ್ಲ ತ್ರಾನೆಯದೇ ಫಲ ಎಂದು ಹೇಳುವುದು ಉತ್ಪ್ರೇಕ್ಷೆ. 1898ರ ಮತದಾನಕ್ಕೆ ಬೇರೆ ಕೈಗಳು ದುಡಿದಿವೆ. ಆದರೆ 1851ರ ಕಾನೂನಿನ ಹಿಂದೆ ಹಳ್ಳಿಗಳಿಂದ ಎದ್ದ ಗದ್ದಲದ ಭಯವಿತ್ತು ಎನ್ನಲು ತಾರೀಖೇ ಸಾಕ್ಷಿ.

ಬಿಡುಗಡೆಯಾದ ಮೇಲೆ ತ್ರಾನೆ ಹೊಟ್ಟೆಪಾಡಿಗೆ ಫೋಟೋ ತೆಗೆದ. 1862ರಲ್ಲಿ ಜೋಸೆಫಿನ್ ತೀರಿಕೊಂಡಳು. ಮರುವರ್ಷ ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಹೊರಟ. ಶಿಕಾಗೋದಲ್ಲಿ ಮತ್ತೆ ಅದೇ ಚಾಳಿ: 1866ರಲ್ಲಿ ವಲಸಿಗ ನಾರ್ವೇಜಿಯನ್ನರಿಗೆ ಪತ್ರಿಕೆ, ಆಮೇಲೆ 'ದಾಗ್ಸ್‌ಲೂಸೆತ್', ಅಂದರೆ ಹಗಲ ಬೆಳಕು. ಅಲ್ಲಿ ಪಾದ್ರಿಗಳನ್ನು ಇನ್ನಷ್ಟು ಖಾರವಾಗಿ ಕೆಣಕಿದ. 1882ರಲ್ಲಿ ಭಾಷಣ ಮಾಡಲು ನಾರ್ವೆಗೆ ಬಂದರೆ ಕೇಳುವವರು ಹೆಚ್ಚು ಸಿಗಲಿಲ್ಲ. ನಾರ್ವೆಯ ಲೇಬರ್ ಪಕ್ಷ ಹುಟ್ಟಿದ್ದು ಅವನು ಬಂದು ಹೋದ ಮೇಲೆ, 1887ರಲ್ಲಿ.

1890ರ ಏಪ್ರಿಲ್ 30ರಂದು ವಿಸ್ಕಾನ್ಸಿನ್‌ನ ಓ ಕ್ಲೇರ್‌ನಲ್ಲಿ ತ್ರಾನೆ ತೀರಿಕೊಂಡ. 1949ರಲ್ಲಿ, ಲೇಬರ್ ಪಕ್ಷವೇ ದೇಶ ಆಳುತ್ತಿದ್ದಾಗ, ಅವನ ಅವಶೇಷಗಳನ್ನು ಓಸ್ಲೊಗೆ ತಂದು ವೋರ್ ಫ್ರೆಲ್ಸೆರ್ಸ್ ಸ್ಮಶಾನದಲ್ಲಿ ಹೂಳಿದರು. ಇಬ್ಸೆನ್‌ನ ಸಮಾಧಿಯೂ ಅದೇ ಸ್ಮಶಾನದಲ್ಲಿದೆ.