ಒಂದು ಪೆನ್ನಿಯ ಕಾಗದ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಗದ ಬರೆದವರು ಒಬ್ಬರು, ದುಡ್ಡು ತೆರಬೇಕಾದವರು ಇನ್ನೊಬ್ಬರು. 1830ರ ದಶಕದ ಬ್ರಿಟನ್ನಿನಲ್ಲಿ ಅಂಚೆ ನಡೆಯುತ್ತಿದ್ದುದು ಹೆಚ್ಚುಕಡಿಮೆ ಹೀಗೆ. ಅಂಚೆಯವನು ಬಾಗಿಲು ತಟ್ಟಿ ಇಷ್ಟು ಕೊಡಿ ಅನ್ನುತ್ತಿದ್ದ. ಕೊಟ್ಟರೆ ಕಾಗದ ಕೈಗೆ, ಇಲ್ಲದಿದ್ದರೆ ವಾಪಸ್ಸು.

ಆ ದರವಾದರೂ ಎಲ್ಲರಿಗೂ ಒಂದೇನಾ ಅಂದರೆ, ಅದೂ ಇಲ್ಲ. ಎಷ್ಟು ದೂರ, ಎಷ್ಟು ಹಾಳೆ, ಎರಡನ್ನೂ ನೋಡುತ್ತಿದ್ದರು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಹಾಳೆ ಹೋಗಬೇಕಾದರೆ 1 ಶಿಲ್ಲಿಂಗ್ ಮೇಲೆ ಒಂದೂವರೆ ಪೆನ್ನಿ. ಆಗ 12 ಪೆನ್ನಿಗೆ ಒಂದು ಶಿಲ್ಲಿಂಗ್, ಅಂದರೆ ಹದಿಮೂರೂವರೆ ಪೆನ್ನಿ ಆಯಿತು. ಕೂಲಿಯವರು ಎಲ್ಲಿಂದ ತರಬೇಕು? ಲಕೋಟೆ ಹಾಕಿದರೆ ಅದೂ ಇನ್ನೊಂದು ಹಾಳೆ ಅಂತ ಲೆಕ್ಕ. ಹಾಗಾಗಿ ಬರೆದ ಹಾಳೆಯನ್ನೇ ಮಡಚಿ, ಅರಗು ಹಾಕಿ ಕಳಿಸುತ್ತಿದ್ದರು. ಜಾಗ ಸಾಲದಿದ್ದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಅಂಥ ಕಾಗದಗಳು ಇವತ್ತಿಗೂ ಉಳಿದಿವೆ, ಬಲೆ ಹೆಣೆದ ಹಾಗೆ ಕಾಣುತ್ತವೆ. ಓದಿದವರ ಕಣ್ಣಿಗೆ ದೊಡ್ಡ ನಮಸ್ಕಾರ!

ಕೆಲವರು ಇನ್ನೂ ಜಾಣರು. ಹೊರಗಿನ ವಿಳಾಸದಲ್ಲೇ ಒಂದು ಗುಟ್ಟಿನ ಗುರುತು. ಪಡೆಯುವವರು ಅದನ್ನು ನೋಡಿ, ಸುದ್ದಿ ತಿಳಿದುಕೊಂಡು, "ನಮಗೆ ಬೇಡ" ಅಂತ ಹಿಂದಕ್ಕೆ ಕೊಟ್ಟುಬಿಡುತ್ತಿದ್ದರು. ಇತ್ತ ಪಾರ್ಲಿಮೆಂಟಿನ ಸದಸ್ಯರಿಗೆ ಅಂಚೆ ಪುಕ್ಕಟೆ. ಮೇಲೊಂದು ಸಹಿ ಇದ್ದರೆ ಸಾಕಿತ್ತು. ಆ ಸಹಿ ಸ್ನೇಹಿತರ ಕಾಗದಗಳಿಗೂ ಧಾರಾಳವಾಗಿ ಬೀಳುತ್ತಿತ್ತು. ಇದ್ದವರಿಗೇ ಪುಕ್ಕಟೆ, ಇದೇನು ಹೊಸದಲ್ಲ ಬಿಡಿ.

ಇದನ್ನೆಲ್ಲ ಕೆದಕಿದವರು ರೋಲೆಂಡ್ ಹಿಲ್. ಹುಟ್ಟಿದ್ದು 1795ರಲ್ಲಿ, ಕಿಡ್ಡರ್‌ಮಿನ್‌ಸ್ಟರ್‌ನಲ್ಲಿ. ಶಾಲೆಯ ಮೇಷ್ಟ್ರಾಗಿದ್ದವರು. ಅಂಚೆ ಇಲಾಖೆಗೂ ಅವರಿಗೂ ಸಂಬಂಧವೇ ಇರಲಿಲ್ಲ. 1837ರಲ್ಲಿ ಒಂದು ಕಿರುಪುಸ್ತಕ ಬರೆದರು. ಅದರಲ್ಲಿ ಒಂದು ಲೆಕ್ಕ ಇದೆ. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಕಾಗದವನ್ನು ಸಾಗಿಸುವ ನಿಜವಾದ ಖರ್ಚು ಎಷ್ಟು? ಒಂದು ಪೆನ್ನಿಯನ್ನು 36 ಪಾಲು ಮಾಡಿದರೆ, ಅದರಲ್ಲಿ ಒಂದು ಪಾಲು. ವಸೂಲಿ ಮಾಡುತ್ತಿದ್ದುದು ಹದಿಮೂರೂವರೆ ಪೆನ್ನಿ!

ಅಂದರೆ ದೂರಕ್ಕೆ ಖರ್ಚೇ ಇಲ್ಲ ಅನ್ನುವಷ್ಟು ಕಡಿಮೆ. ಖರ್ಚೆಲ್ಲ ಇದ್ದುದು ಕಚೇರಿಯಲ್ಲಿ. ಒಳಗೆ ಎಷ್ಟು ಹಾಳೆ ಇದೆ ಅಂತ ಗುಮಾಸ್ತ ಕಾಗದವನ್ನು ಮೇಣದ ಬತ್ತಿಯ ಮುಂದೆ ಹಿಡಿದು ನೋಡಬೇಕು. ದರ ಬರೆಯಬೇಕು, ಲೆಕ್ಕಕ್ಕೆ ಹಾಕಬೇಕು. ಆಮೇಲೆ ಅಂಚೆಯವನು ಮನೆಮನೆಯ ಬಾಗಿಲಲ್ಲಿ ಚಿಲ್ಲರೆಗೆ ಕಾದು ನಿಲ್ಲಬೇಕು. ಹಿಲ್ ಹೇಳಿದ್ದು ಇಷ್ಟೇ: ತೂಕ ನೋಡಿ, ದೂರ ಬಿಡಿ, ದುಡ್ಡು ಮೊದಲೇ ತೆಗೆದುಕೊಳ್ಳಿ. ಅರ್ಧ ಔನ್ಸಿಗೆ ಒಂದು ಪೆನ್ನಿ, ದೇಶದ ಯಾವ ಮೂಲೆಗಾದರೂ ಸರಿ. ಸ್ಟಾಂಪು ಕೊಟ್ಟವರು ಅಂತ ಅವರನ್ನು ಹೊಗಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಈ ಲೆಕ್ಕ. ಸ್ಟಾಂಪು ಅದರ ಬೆನ್ನಿಗೆ ಬಂದದ್ದು, ಮುಂಗಡ ಕೊಟ್ಟಿದ್ದಕ್ಕೆ ಒಂದು ರಸೀದಿ ಬೇಕಲ್ವಾ?

ಅಂಚೆ ಇಲಾಖೆಯ ಮುಖ್ಯಸ್ಥ ಲಾರ್ಡ್ ಲಿಚ್‌ಫೀಲ್ಡ್ ಇದನ್ನು ಹುಚ್ಚು ಕನಸು ಅಂತ ತಳ್ಳಿಹಾಕಿದರು. ಆದರೆ ವ್ಯಾಪಾರಿಗಳು ಬಿಡಲಿಲ್ಲ, ಅರ್ಜಿಗಳ ಮೇಲೆ ಅರ್ಜಿ ಹೋದವು. 1840ರ ಜನವರಿ 10ರಂದು ಒಂದು ಪೆನ್ನಿಯ ದರ ಜಾರಿಗೆ ಬಂತು. ಪಾರ್ಲಿಮೆಂಟಿನವರ ಪುಕ್ಕಟೆ ಸಹಿಯೂ ಆಗಲೇ ಹೋಯಿತು.

ಸ್ಟಾಂಪು ಬಂದದ್ದು ಮೇ ತಿಂಗಳಲ್ಲಿ. ಅದೇ ಪೆನ್ನಿ ಬ್ಲ್ಯಾಕ್. ಕಪ್ಪು ಬಣ್ಣ, ವಿಕ್ಟೋರಿಯಾ ರಾಣಿಯ ಮುಖ, ದೇಶದ ಹೆಸರಿಲ್ಲ. ಬ್ರಿಟನ್ನಿನ ಸ್ಟಾಂಪಿನಲ್ಲಿ ಇವತ್ತಿಗೂ ದೇಶದ ಹೆಸರು ಇರುವುದಿಲ್ಲ. ಒಂದು ಹಾಳೆಗೆ 240 ಸ್ಟಾಂಪು: ಸಾಲಿಗೆ 12, ಅಂಥ 20 ಸಾಲು. ಒಂದು ಸಾಲು ಕೊಂಡರೆ ಒಂದು ಶಿಲ್ಲಿಂಗ್, ಇಡೀ ಹಾಳೆಗೆ ಒಂದು ಪೌಂಡ್. ಅಂಚಿಗೆ ತೂತುಗಳಿರಲಿಲ್ಲ, ಕತ್ತರಿಯಿಂದಲೇ ಕತ್ತರಿಸಬೇಕು. ಕೆಳಗಿನ ಎರಡು ಮೂಲೆಯಲ್ಲಿ ಒಂದೊಂದು ಅಕ್ಷರ. ಎಡಗಡೆಯದು ಯಾವ ಸಾಲು, ಬಲಗಡೆಯದು ಸಾಲಿನಲ್ಲಿ ಎಷ್ಟನೆಯದು. ಖೋಟಾ ಮಾಡುವವರಿಗೆ ಒಂದಿಷ್ಟು ತಲೆನೋವು ಇರಲಿ ಅಂತ.

ಒಂದು ಎಡವಟ್ಟಾಯಿತು. ಕಪ್ಪು ಸ್ಟಾಂಪಿನ ಮೇಲೆ ಕೆಂಪು ಮಸಿಯ ಮುದ್ರೆ ಒತ್ತುತ್ತಿದ್ದರು. ಆ ಮಸಿಯನ್ನು ತೊಳೆದು ಸ್ಟಾಂಪನ್ನು ಮತ್ತೆ ಅಂಟಿಸಬಹುದಿತ್ತು! 1841ರಲ್ಲಿ ಬಣ್ಣ ಅದಲುಬದಲಾಯಿತು. ಸ್ಟಾಂಪು ಕೆಂಪು, ಮುದ್ರೆ ಕಪ್ಪು. ಪೆನ್ನಿ ಬ್ಲ್ಯಾಕ್ ಅಂದರೆ ಲೋಕದಲ್ಲಿ ಒಂದೋ ಎರಡೋ ಇರಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮುದ್ರಣವಾದದ್ದು ಸುಮಾರು 6.8 ಕೋಟಿ.

ಕಾಗದಗಳು 1839ರಲ್ಲಿ ಸುಮಾರು 7.6 ಕೋಟಿ ಇದ್ದದ್ದು ಮರುವರ್ಷವೇ 16 ಕೋಟಿ ದಾಟಿದವು. ಆದಾಯ ಮಾತ್ರ ಕುಸಿಯಿತು. ಹಳೆಯ ಮಟ್ಟಕ್ಕೆ ಬರಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಈ ವಿಷಯದಲ್ಲಿ ಮೇಷ್ಟ್ರ ಲೆಕ್ಕ ತಪ್ಪಿತ್ತು ಅನ್ನಲೇಬೇಕು. ಹೊಸ ದರ ಜಾರಿಗೆ ತರಲು ಸರ್ಕಾರ ಹಿಲ್ ಅವರಿಗೆ ಕೆಲಸ ಕೊಟ್ಟಿತ್ತು, 1842ರಲ್ಲಿ ಅದನ್ನೂ ಕಳೆದುಕೊಂಡರು. 1846ರಲ್ಲಿ ಮತ್ತೆ ಕರೆಸಿಕೊಂಡರು, 1854ರಲ್ಲಿ ಇಲಾಖೆಯ ಕಾರ್ಯದರ್ಶಿಯಾದರು.

ಅದೇ 1854ರಲ್ಲಿ ಬ್ರಿಟಿಷ್ ಇಂಡಿಯಾಕ್ಕೂ ದೂರದ ಲೆಕ್ಕವಿಲ್ಲದ ಅರ್ಧ ಆಣೆಯ ದರ ಬಂತು. ಮೈಸೂರು ಸಂಸ್ಥಾನದ ಅಂಚೆ ಆಗ ಬೇರೆಯೇ ಇತ್ತು. ಅದು ಬ್ರಿಟಿಷ್ ಇಂಡಿಯಾದ ಅಂಚೆಯ ಜೊತೆ ಸೇರಿದ್ದು 1889ರಲ್ಲಿ. ನಮಸ್ಕಾರ.