ನೋಟ್ಸ್ ಮುಚ್ಚಿಟ್ಟರೆ ಪಿಯಾನೋ ಯಾಕೆ ನಿಂತುಹೋಗುತ್ತದೆ?

ನಮಸ್ಕಾರ. ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ ಇದು. ಪಿಯಾನೋದಲ್ಲಿ ಎಂಟನೇ ಗ್ರೇಡ್ ಪರೀಕ್ಷೆ ಮುಗಿಸಿದವರೂ ಎದುರಿಗೆ ನೋಟ್ಸ್, ಅಂದರೆ ಸ್ವರ ಬರೆದ ಹಾಳೆ, ಇಲ್ಲದಿದ್ದರೆ ಸ್ವಂತವಾಗಿ ನಾಲ್ಕು ಸಾಲು ನುಡಿಸಲು ಯಾಕೆ ತಡವರಿಸುತ್ತಾರೆ? ನಮ್ಮ ಕರ್ನಾಟಕ ಸಂಗೀತದಲ್ಲಿ ಆ ಕ್ಷಣಕ್ಕೆ ಸ್ವರ ಹೆಣೆಯುವ ಕಲ್ಪನಾಸ್ವರ ಇದೆಯಲ್ಲ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಅಂಥದ್ದು ಇಲ್ವಾ?

ಇತ್ತು. ಬಾಖ್, ಮೊಜಾರ್ಟ್, ಬೀಥೋವನ್ ಮೂವರೂ ಕೂತಲ್ಲೇ ಹೊಸದಾಗಿ ನುಡಿಸುವುದರಲ್ಲಿ ಹೆಸರಾದವರು. ಅದಿರಲಿ. ಅದನ್ನು ಕಲಿಸುತ್ತಿದ್ದದ್ದು ಹೇಗೆ? ಅದಕ್ಕೆ 18ನೇ ಶತಮಾನದ ಇಟಲಿಗೆ, ನೇಪಲ್ಸ್‌ಗೆ ಹೋಗಬೇಕು.

ಅಲ್ಲಿ ನಾಲ್ಕು ಕನ್ಸರ್ವೇಟರಿಗಳಿದ್ದವು, ಅಂದರೆ ಸಂಗೀತಶಾಲೆಗಳು. ಶುರುವಾಗಿದ್ದು ಅನಾಥ, ಬಡ ಮಕ್ಕಳ ಆಶ್ರಮಗಳಾಗಿ. ಆ ಹುಡುಗರಿಗೆ ಸಂಗೀತ ಹೊಟ್ಟೆಪಾಡಿನ ಕಸುಬು. 1770ರಲ್ಲಿ ಚಾರ್ಲ್ಸ್ ಬರ್ನಿ ಎಂಬ ಇಂಗ್ಲೆಂಡಿನ ಸಂಗೀತಗಾರ ಅವುಗಳಲ್ಲೊಂದಾದ ಸಾಂತ್ ಒನೋಫ್ರಿಯೋಗೆ ಹೋಗಿ ಕಂಡದ್ದನ್ನು ಬರೆದಿಟ್ಟಿದ್ದಾನೆ. ಮೆಟ್ಟಿಲ ಮೇಲೊಬ್ಬ ಟ್ರಂಪೆಟ್ ಊದುತ್ತಿದ್ದಾನೆ. ಇನ್ನಷ್ಟು ಹತ್ತಿದರೆ ಫ್ರೆಂಚ್ ಹಾರ್ನ್. ಒಳಗೆ ಒಂದೇ ಕೋಣೆಯಲ್ಲಿ ಪಿಯಾನೋಗಿಂತ ಹಳೆಯ ಕೀಬೋರ್ಡ್ ವಾದ್ಯ ಹಾರ್ಪ್ಸಿಕಾರ್ಡ್ ಏಳೆಂಟು, ಅದಕ್ಕಿಂತ ಜಾಸ್ತಿ ಪಿಟೀಲು, ಜೊತೆಗೆ ಹಾಡುವವರು. ಒಬ್ಬೊಬ್ಬರದೂ ಬೇರೆ ಪಾಠ, ಬೇರೆ ಶ್ರುತಿ. ಕೂರಲು ಮಲಗುವ ಮಂಚಗಳೇ! ಈ ಕೋಣೆಯ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಆ ಗದ್ದಲದಲ್ಲಿ ತನ್ನ ಸ್ವರ ತಾನು ಕೇಳಿಸಿಕೊಳ್ಳುವ ಕಿವಿ ಎಂಥದ್ದಿರಬೇಕು, ಯೋಚಿಸಿ.

ಅಲ್ಲಿ ಕಲಿಸುತ್ತಿದ್ದದ್ದು ಪಾರ್ತಿಮೆಂತೋ. ಹಾಳೆಯಲ್ಲಿ ಇರುವುದು ಕೆಳಗಿನ ಸ್ವರಗಳ ಒಂದೇ ಸಾಲು. ಎಡಗೈ ಅದನ್ನು ನುಡಿಸಬೇಕು, ಮಿಕ್ಕಿದ್ದನ್ನು ಬಲಗೈ ಅಲ್ಲೇ ಕಟ್ಟಬೇಕು.

(ಪರದೆಯಲ್ಲಿ ಕೀಬೋರ್ಡ್)

ಸುಮ್ನೆ ತೋಚಿದ್ದನ್ನು ನುಡಿಸುವ ಹಾಗಿಲ್ಲ. ಯಾವ ಸ್ವರದ ಮೇಲೆ ಏನು ಬರಬೇಕು ಎನ್ನುವುದು ಮಗ್ಗಿಯ ಹಾಗೆ ಬಾಯಿಪಾಠ ಆಗಿರುತ್ತಿತ್ತು. ಎಡಗೈ ‘ಸ’ ಹಿಡಿದರೆ ಬಲಗೈಗೆ ಸ-ಗ-ಪ. ‘ರಿ’ಗೆ ಏರಿದರೆ ಮ-ಪ-ನಿ. ‘ಗ’ಕ್ಕೆ ಬಂದರೆ ಪ-ಸ. ನಡುವಿನ ಆ ‘ನಿ’ ಕೇಳಿಸಿತಾ? ಮೇಲಿನ ‘ಸ’ ಕಡೆಗೆ ಎಳೆಯುತ್ತಿದೆ. ಎಡಗೈ ‘ಗ’ ಮುಟ್ಟಿದಾಗ ಆ ಎಳೆತ ತೀರುತ್ತದೆ. ಇಳಿಯುವಾಗ ಲೆಕ್ಕ ಬೇರೆ. ಥಿಯರಿಗೆಂದು ಬೇರೆ ಪೀರಿಯಡ್ ಬೇಕಿರಲಿಲ್ಲ, ಥಿಯರಿಯೂ ಮನೋಧರ್ಮವೂ (ಸ್ವಂತ ಕಲ್ಪನೆಯಿಂದ ನುಡಿಸುವುದೂ) ಇದೇ ಪಾಠದಲ್ಲಿ. ನೇಪಲ್ಸ್‌ನ ಗುರು ಫೆಡೆಲೆ ಫೆನರೋಲಿ 1775ರಲ್ಲಿ ಇದರ ನಿಯಮಗಳನ್ನು ಅಚ್ಚು ಹಾಕಿಸಿದರು. ಅವರ ಶಿಷ್ಯ ಚಿಮರೋಸಾ 60ಕ್ಕೂ ಹೆಚ್ಚು ಒಪೆರಾಗಳನ್ನು ರಚಿಸಿದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಸಮಯ ಕಮ್ಮಿ ಇದೆ. ಬೀಥೋವನ್ ತಮ್ಮ ಐದನೇ ಪಿಯಾನೋ ಕನ್ಚರ್ಟೊದಲ್ಲಿ (ಪಿಯಾನೋ ಮತ್ತು ವಾದ್ಯವೃಂದಕ್ಕೆ ಬರೆದ ಕೃತಿ), ಕಲಾವಿದರು ಸ್ವಂತದ್ದು ನುಡಿಸುತ್ತಿದ್ದ ಜಾಗದಲ್ಲಿ ‘ಇಲ್ಲಿ ಬೇಡ, ಬರೆದದ್ದನ್ನೇ ನುಡಿಸಿ’ ಎಂದು ಸೂಚನೆ ಬರೆದರು. 19ನೇ ಶತಮಾನ ಮುಗಿಯುವಷ್ಟರಲ್ಲಿ ಹಾರ್ಮನಿ, ಅಂದರೆ ಸ್ವರಗಳನ್ನು ಒಟ್ಟಿಗೆ ಜೋಡಿಸುವ ವಿದ್ಯೆ, ಬರವಣಿಗೆಯ ಪಾಠವಾಯಿತು, ನುಡಿಸುವುದು ಇನ್ನೊಂದು ಕ್ಲಾಸಾಯಿತು. ಇದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ. ಚರ್ಚಿನ ಆರ್ಗನ್ ವಾದಕರು ಮಾತ್ರ, ಅದರಲ್ಲೂ ಫ್ರಾನ್ಸಿನವರು, ಈ ವಿದ್ಯೆ ಬಿಡಲಿಲ್ಲ. ಈಗ ಯೂರೋಪಿನಲ್ಲಿ ಪಾರ್ತಿಮೆಂತೋ ಮತ್ತೆ ಕಲಿಸುತ್ತಿದ್ದಾರೆ.

ಫೆನರೋಲಿಯವರ ಪಾಠಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮನೆಯಲ್ಲಿ ಕೀಬೋರ್ಡ್ ಇದ್ದರೆ ಮೊದಲನೆಯದರಿಂದ ಶುರುಮಾಡಿ, ನಿಧಾನವಾಗಿ. ಎಡಗೈ ಮೊದಲು.