ಲೋಡು ನೋಡಿ, ಓಟ ನೋಡಿ, ಆಮೇಲೆ ಎಂಜಿನ್

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸ ಗೂಡ್ಸ್ ಗಾಡಿ ತೆಗೆದುಕೊಳ್ಳಲು ಷೋರೂಮಿಗೆ ಹೋದವರು ಡೌನ್ ಪೇಮೆಂಟ್ ಎಷ್ಟು, ತಿಂಗಳ ಕಂತು ಎಷ್ಟು, ಮೈಲೇಜ್ ಎಷ್ಟು ಅಂತ ಕೆದಕಿ ಕೆದಕಿ ಕೇಳುತ್ತಾರೆ. ಎಂಜಿನ್ ವಿಷಯ ಬಂದಾಗ ಮಾತ್ರ, "ಡೀಸೆಲ್ಲೇ ಇರಲಿ ಬಿಡಿ, ಎಲ್ಲರೂ ಅದನ್ನೇ ತಗೋತಾರಲ್ಲ" ಅಂದು ಮುಗಿಸಿಬಿಡುತ್ತಾರೆ. ನಾನು ದಾವಣಗೆರೆಯಲ್ಲಿ ಇಂಥ ಗಾಡಿಗಳ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಮಾಡುತ್ತೇನೆ. ಷೋರೂಮಿನಲ್ಲಿ ಆಡಿದ ಆ ಒಂದು ಮಾತು ಆಮೇಲೆ ಯಜಮಾನರಿಗೆ ಎಷ್ಟು ಭಾರವಾಗುತ್ತದೆ ಅನ್ನುವುದನ್ನು ನೋಡುತ್ತಲೇ ಇರುತ್ತೇನೆ. ಅದಕ್ಕೇ ಇವತ್ತು ಈ ವಿಷಯ.

ನಮ್ಮ ಊರಿನ ಕೆಲಸದಿಂದಲೇ ಶುರು ಮಾಡೋಣ. ಮಂಡಕ್ಕಿ ಭಟ್ಟಿಯಿಂದ ಹೊರಡುವ ಗಾಡಿಯನ್ನು ನೋಡಿದ್ದೀರಿ. ಚೀಲದ ಮೇಲೆ ಚೀಲ ಒಟ್ಟಿ, ಹಗ್ಗ ಬಿಗಿದು, ಕ್ಯಾಬಿನ್‌ಗಿಂತ ಎತ್ತರಕ್ಕೆ ಹೋಗಿರುತ್ತದೆ. ತಕ್ಕಡಿಗೆ ಹಾಕಿದರೆ ತೂಕ ಅಷ್ಟೇನೂ ಬರುವುದಿಲ್ಲ. ಅದೇ ಸಿಮೆಂಟ್ ಅಂಗಡಿಯ ಗಾಡಿ ನೋಡಿ. 50 ಕೆಜಿಯ 20 ಚೀಲ ಹಾಕಿದರೆ ಒಂದು ಟನ್ ಆಗಿಹೋಯಿತು, ಬಾಡಿಯಲ್ಲಿ ಇನ್ನೂ ಎಷ್ಟೋ ಜಾಗ ಖಾಲಿ. ಎಪಿಎಂಸಿಯಿಂದ ಮೆಕ್ಕೆಜೋಳ ಹೊರುವ ಗಾಡಿಯದ್ದೂ ಇದೇ ಕಥೆ. ಒಂದಕ್ಕೆ ಬೇಕಾಗಿರುವುದು ಜಾಗ, ಇನ್ನೊಂದಕ್ಕೆ ಬೇಕಾಗಿರುವುದು ಎಳೆತ. ಎರಡಕ್ಕೂ ಒಂದೇ ಎಂಜಿನ್ ಹೇಗೆ ಸರಿಹೋಗುತ್ತದೆ?

ಓಟವೂ ಹಾಗೇ. ಬೆಳಿಗ್ಗೆ ಎದ್ದು ಹೆದ್ದಾರಿ ಹಿಡಿದು 60 ಕಿಲೋಮೀಟರ್ ದೂರದ ಚಿತ್ರದುರ್ಗಕ್ಕೆ ಹೋಗಿ, ಅಲ್ಲಿಂದ ಹಿರಿಯೂರಿಗೋ ಚಳ್ಳಕೆರೆಗೋ ಹೋಗಿ ವಾಪಸ್ ಬರುವ ಗಾಡಿ ಒಂದು. ನಿಟ್ಟುವಳ್ಳಿ, ವಿನೋಬನಗರ, ಕೆಟಿಜೆ ನಗರ ಅಂತ ಅಂಗಡಿ ಅಂಗಡಿಗೂ ನಿಲ್ಲಿಸಿ ಬ್ರೆಡ್ಡು, ಬನ್ನು ಹಾಕಿ ಬರುವ ಗಾಡಿ ಇನ್ನೊಂದು. ಎರಡನೆಯದರ ಎಂಜಿನ್ ದಿನದಲ್ಲಿ ಒಂದು ಸಲವಾದರೂ ಸರಿಯಾಗಿ ಬಿಸಿ ಏರುತ್ತದೋ ಇಲ್ಲವೋ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಷೋರೂಮಿನವರು ಕೊಡುವ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಅಶ್ವಶಕ್ತಿ. ಅದೊಂದನ್ನೇ ನೋಡಿದರೆ ದಾರಿ ತಪ್ಪುತ್ತೀರಿ. ಮಾರುತಿ ಈಕೋ ಕಾರ್ಗೋ ತಗೊಳ್ಳಿ. 1.2 ಲೀಟರಿನ ಪೆಟ್ರೋಲ್ ಎಂಜಿನ್, ಸುಮಾರು 80 ಅಶ್ವಶಕ್ತಿ. ಮಹೀಂದ್ರ ಬೊಲೆರೋ ಪಿಕಪ್‌ನದ್ದು ಎರಡೂವರೆ ಲೀಟರಿನ ಡೀಸೆಲ್ ಎಂಜಿನ್, 75ರ ಆಸುಪಾಸು. ಅಂಕಿ ನೋಡಿದರೆ ಈಕೋನೇ ಗಟ್ಟಿ ಅನ್ನಿಸಬೇಕು. ಆದರೆ ಒಂದೂವರೆ ಟನ್ನಿನ ಲೋಡು ಎಳೆಯುವುದು ಪಿಕಪ್. ಯಾಕೆ? ಕಾಗದದಲ್ಲಿ ಅಶ್ವಶಕ್ತಿಯ ಕೆಳಗೆ ಟಾರ್ಕ್ ಅಂತ ಇನ್ನೊಂದು ಸಾಲು ಇರುತ್ತದೆ. ಚಕ್ರ ತಿರುಗಿಸುವ ಬಲ ಅದು. ಈಕೋದ್ದು 104 ನ್ಯೂಟನ್ ಮೀಟರ್, ಪಿಕಪ್‌ನದ್ದು ಸುಮಾರು 200. ಅದರ ಪಕ್ಕದಲ್ಲೇ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿದಾಗ ಆ ಎಳೆತ ಬರುತ್ತದೆ ಅಂತ ಬರೆದಿರುತ್ತಾರೆ. ಅದನ್ನಂತೂ ಬಿಡಲೇಬೇಡಿ. ಪೆಟ್ರೋಲ್ ಎಂಜಿನ್ನಿಗೆ ಪೂರ್ತಿ ಎಳೆತ ಬರಲು 3,000 ಸುತ್ತಿನವರೆಗೆ ಏರಬೇಕು. ಡೀಸೆಲ್‌ಗೆ ಒಂದೂವರೆ ಸಾವಿರಕ್ಕೇ ಬಂದುಬಿಡುತ್ತದೆ. ತುಂಬಿದ ಗಾಡಿಯನ್ನು ಏರಿನಲ್ಲಿ ನಿಂತ ಜಾಗದಿಂದ ಎಬ್ಬಿಸುವಾಗ ಬೇಕಾಗುವುದು ಈ ತಳದ ಎಳೆತ. ಅದಿಲ್ಲದಿದ್ದರೆ ಡ್ರೈವರ್ ಎಕ್ಸಲರೇಟರ್ ಒತ್ತಿ, ಅರ್ಧ ಕ್ಲಚ್ಚಿನಲ್ಲಿ ಹಿಡಿದು ಎಬ್ಬಿಸುತ್ತಾನೆ. ಕ್ಲಚ್ ಪ್ಲೇಟ್ ಸುಟ್ಟು ನಮ್ಮ ಹತ್ತಿರ ಬರುತ್ತದೆ.

ಹಾಗಾದರೆ ಡೀಸೆಲ್ಲೇ ಒಳ್ಳೆಯದಲ್ವಾ ಅಂತ ನೀವು ಕೇಳಬಹುದು. ಒಂದು ಕಾಲದಲ್ಲಿ ಹೌದು. 2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿದ್ದದ್ದು 702 ಸಿಸಿಯ, ಎರಡೇ ಸಿಲಿಂಡರಿನ ಡೀಸೆಲ್ ಎಂಜಿನ್. ಬರೀ 16 ಅಶ್ವಶಕ್ತಿ. ಆದರೂ ಮುಕ್ಕಾಲು ಟನ್ ಹೊತ್ತುಕೊಂಡು ಸಂದಿ ಸಂದಿ ನುಗ್ಗುತ್ತಿತ್ತು. ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಎಂಜಿನ್ ಅದು. ಆ ಎಂಜಿನ್ ಮೇಲೆ ನನಗೆ ಈಗಲೂ ಗೌರವ ಇದೆ. ಆಗಿನ ಡೀಸೆಲ್ ಎಂಜಿನ್ ಸರಳವಾಗಿತ್ತು, ಹೇಗೆ ಓಡಿಸಿದರೂ ಸಹಿಸಿಕೊಳ್ಳುತ್ತಿತ್ತು.

2020ರ ಏಪ್ರಿಲ್ 1ರಿಂದ, ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು. ಹೊಗೆ ಕಡಿಮೆಯಾಗಲೇಬೇಕಿತ್ತು. ನಮ್ಮ ಮಕ್ಕಳು ಉಸಿರಾಡುವ ಗಾಳಿ ಅದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಡೀಸೆಲ್ ಎಂಜಿನ್ನಿಗೆ ಸೈಲೆನ್ಸರಿನ ದಾರಿಯಲ್ಲಿ ಹೊಸ ಹೊಸ ಸಾಮಾನುಗಳು ಸೇರಿದವು, ಬೆಲೆಯೂ ಏರಿತು. ಮಾರುತಿ ಸೂಪರ್ ಕ್ಯಾರಿ 2016ರಲ್ಲಿ 793 ಸಿಸಿಯ ಡೀಸೆಲ್ ಎಂಜಿನ್ ಇಟ್ಟುಕೊಂಡು ಬಂದ ಗಾಡಿ. ಬಿಎಸ್ 6 ಬರುವ ಹೊತ್ತಿಗೆ ಆ ಡೀಸೆಲ್ ನಿಂತೇಹೋಯಿತು, ಈಗ ಅದು ಪೆಟ್ರೋಲ್ ಮತ್ತು ಸಿಎನ್‌ಜಿಯಲ್ಲಿ ಬರುತ್ತದೆ. ಎಂಜಿನ್ ಮಾಡುವವರೇ ಲೆಕ್ಕ ಬದಲಿಸಿದ ಮೇಲೆ ಕೊಳ್ಳುವ ನಾವು ಹಳೇ ಲೆಕ್ಕದಲ್ಲೇ ಇದ್ದರೆ ಹೇಗೆ?

ಹಲವು ಹೊಸ ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತದೆ. ಹೊಗೆಯಲ್ಲಿರುವ ಕರಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಹಿಡಿದ ಕರಿ ತುಂಬಿಕೊಂಡಾಗ ಅದನ್ನು ಒಳಗೇ ಸುಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಭಟ್ಟಿಯ ಮರಳು ಕಾಯದೆ ಮಂಡಕ್ಕಿ ಅರಳುವುದಿಲ್ಲವಲ್ಲ, ಹಾಗೇ ಇದೂ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಗಾಡಿಯಲ್ಲಿ ಇದು ತಾನಾಗಿಯೇ ಆಗಿಹೋಗುತ್ತದೆ, ಡ್ರೈವರ್‌ಗೆ ಗೊತ್ತೂ ಆಗುವುದಿಲ್ಲ. ಊರೊಳಗೆ ಐದು ನಿಮಿಷ ಓಡಿಸಿ ಆಫ್ ಮಾಡುವ ಗಾಡಿಯಲ್ಲಿ ಶಾಖವೇ ಏರುವುದಿಲ್ಲ. ಆಗ ಎಂಜಿನ್ನಿನ ಕಂಪ್ಯೂಟರ್ ಒಂದಿಷ್ಟು ಹೆಚ್ಚು ಡೀಸೆಲ್ ಚಿಮ್ಮಿಸಿ ಶಾಖ ಏರಿಸಲು ನೋಡುತ್ತದೆ. ಅಷ್ಟರಲ್ಲಿ ಮುಂದಿನ ಅಂಗಡಿ ಬಂತು, ಚಾವಿ ತಿರುಗಿಸಿದರು, ಆಫ್. ಸುಡುವ ಕೆಲಸ ಅರ್ಧಕ್ಕೇ ನಿಂತಿತು.

ಬೇಕರಿ ಸಾಮಾನು ಹಾಕುವ ಒಬ್ಬ ಯಜಮಾನರು ಇಂಥದ್ದೇ ಗಾಡಿ ತಂದಿದ್ದರು. "ಆಯಿಲ್ ಕಮ್ಮಿ ಆಗೋದು ಕೇಳಿದ್ದೆ, ಇದು ಜಾಸ್ತಿ ಆಗ್ತಿದೆಯಲ್ಲ ಅಣ್ಣಾ" ಅಂದರು. ಡಿಪ್‌ಸ್ಟಿಕ್ ಒರೆಸಿ ಅದ್ದಿ ತೆಗೆದೆ. ಆಯಿಲ್ ಮೇಲಿನ ಗುರುತನ್ನೂ ದಾಟಿತ್ತು. ಎರಡು ಬೆರಳಿನ ನಡುವೆ ತಿಕ್ಕಿದರೆ ಜಿಡ್ಡೇ ಇಲ್ಲ, ನೀರು ನೀರು. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಕರಿ ಸುಡಲು ಚಿಮ್ಮಿಸಿದ ಡೀಸೆಲ್ ಸುಡದೆ ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಆಯಿಲ್‌ಗೆ ಬೆರೆತಿತ್ತು. ಅಂಥ ತೆಳು ಆಯಿಲ್‌ನಲ್ಲಿ ಓಡಿಸುತ್ತಲೇ ಹೋದರೆ ಬೇರಿಂಗ್ ಸವೆಯುತ್ತವೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಹೋಗುತ್ತದೆ. ಅವರ ಎಂಜಿನ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಆ ಎಂಜಿನ್ನಿಗೆ ಸಿಕ್ಕ ಕೆಲಸ ಅದರದ್ದಲ್ಲ, ಅಷ್ಟೇ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರ್ ದೀಪ ಹತ್ತಿದರೆ ದಯವಿಟ್ಟು ಕಡೆಗಣಿಸಬೇಡಿ. ಗಾಡಿಯನ್ನು ಹೆದ್ದಾರಿಗೆ ಒಯ್ದು ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆಯಿಲ್ ಕೂಡ ಅಗ್ಗದ್ದು ಹಾಕಬೇಡಿ, ಡಿಪಿಎಫ್‌ಗೆ ಹೊಂದುವ, ಬೂದಿ ಕಡಿಮೆ ಬರುವ ಆಯಿಲ್ಲೇ ಬೇಕು.

ಈಗ ದುಡ್ಡಿನ ಲೆಕ್ಕ. ಇದನ್ನು ಕಾಗದದ ಮೇಲೆ ನೀವೇ ಮಾಡಿ, ಸೇಲ್ಸ್‌ನವರ ಕೈಯಲ್ಲಿ ಮಾಡಿಸಬೇಡಿ. ಉದಾಹರಣೆಗೆ ಡೀಸೆಲ್ ಗಾಡಿಗೆ 1 ಲಕ್ಷ ರೂಪಾಯಿ ಜಾಸ್ತಿ ಅಂದುಕೊಳ್ಳಿ. ಓಡಿಸುವಾಗ ಪೆಟ್ರೋಲ್‌ಗಿಂತ ಕಿಲೋಮೀಟರಿಗೆ 2 ರೂಪಾಯಿ ಉಳಿಯುತ್ತದೆ ಅಂತಿಟ್ಟುಕೊಳ್ಳಿ. ಆ ಒಂದು ಲಕ್ಷ ವಾಪಸ್ ಬರಲು 50,000 ಕಿಲೋಮೀಟರ್ ಓಡಬೇಕು. ದಿನಕ್ಕೆ 40 ಕಿಲೋಮೀಟರ್, ವರ್ಷಕ್ಕೆ 300 ದಿನ ಓಡಿದರೆ ವರ್ಷಕ್ಕೆ 12,000. ನಾಲ್ಕು ವರ್ಷ ದಾಟುತ್ತದೆ. ಆ ಲಕ್ಷಕ್ಕೂ ಸಾಲದ ಬಡ್ಡಿ ಇದೆ, ಡೀಸೆಲ್ ಎಂಜಿನ್ನಿನ ರಿಪೇರಿ ದುಬಾರಿ, ಅದನ್ನೂ ಸೇರಿಸಿ. ದಿನಕ್ಕೆ 150 ಕಿಲೋಮೀಟರ್ ಓಡುವವರಿಗೆ ಅದೇ ದುಡ್ಡು 13-14 ತಿಂಗಳಿಗೇ ಬಂದಿರುತ್ತದೆ. ಅಂಥವರು ಕಣ್ಣುಮುಚ್ಚಿ ಡೀಸೆಲ್ ತಗೊಳ್ಳಲಿ. ನನ್ನ ಅಂಕಿ ತೆಗೆದು ನಿಮ್ಮ ಊರಿನ ದರ, ನಿಮ್ಮ ಓಟ ಹಾಕಿ ನೋಡಿ. ಮೈಲೇಜ್ ಹಾಕುವಾಗ ಕಂಪನಿಯ ಅಂಕಿ ಬೇಡ, ಅದು ಪರೀಕ್ಷೆಯಲ್ಲಿ ಬಂದದ್ದು. ನಿಮ್ಮಂಥದೇ ಕೆಲಸಕ್ಕೆ ಆ ಗಾಡಿ ಇಟ್ಟವರನ್ನು ಕೇಳಿ.

ಊರೊಳಗಿನ ಹಗುರ ಕೆಲಸಕ್ಕೆ ನನ್ನ ಮನಸ್ಸು ಪೆಟ್ರೋಲ್ ಕಡೆಗೇ. ಬೆಲೆ ಕಡಿಮೆ, ಸದ್ದು ಕಡಿಮೆ, ನಿಲ್ಲಿಸಿ ಹೊರಡುವುದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ರಿಪೇರಿಯೂ ಸಸ್ತಾ.

ಸಿಎನ್‌ಜಿ ಅಂದರೆ ಹೆಚ್ಚೂಕಡಿಮೆ ಅದೇ ಪೆಟ್ರೋಲ್ ಎಂಜಿನ್, ಇಂಧನ ಬೇರೆ. ಖರ್ಚು ಇಳಿಯುತ್ತದೆ, ನಿಜ. ಎಳೆತವೂ ಒಂದಿಷ್ಟು ಇಳಿಯುತ್ತದೆ. ಈಕೋದಲ್ಲೇ ನೋಡಿ, ಪೆಟ್ರೋಲ್‌ನಲ್ಲಿ 80 ಇದ್ದ ಅಶ್ವಶಕ್ತಿ ಗ್ಯಾಸಿನಲ್ಲಿ ಸುಮಾರು 71ಕ್ಕೆ ಬರುತ್ತದೆ, ಟಾರ್ಕ್ 104ರಿಂದ 95ಕ್ಕೆ. ಜೊತೆಗೆ ಗ್ಯಾಸಿನ ಸಿಲಿಂಡರ್ ಕೆಲವು ಗಾಡಿಗಳಲ್ಲಿ ಸಾಮಾನು ಇಡುವ ಜಾಗದಲ್ಲೇ ಕೂರುತ್ತದೆ. ಮಂಡಕ್ಕಿಯಂಥ ಲೋಡಿಗೆ ಜಾಗವೇ ದುಡ್ಡು, ಅದು ನಷ್ಟ. ಆ ಸಿಲಿಂಡರಿನೊಳಗೆ ಗ್ಯಾಸು 200 ಬಾರ್ ಒತ್ತಡದಲ್ಲಿ ಇರುತ್ತದೆ, ಕಾರಿನ ಟೈರಿನ ಒತ್ತಡದ ಸುಮಾರು 90 ಪಟ್ಟು. ಮೂರು ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆ ಮಾಡಿಸಲೇಬೇಕು. ಇದರಲ್ಲಿ ಉದಾಸೀನ ಬೇಡ, ಕ್ಯಾಬಿನ್‌ನಲ್ಲಿ ಕೂರುವವರು ನಿಮ್ಮ ಅಣ್ಣ ತಮ್ಮಂದಿರೇ. ಹೊರಗಡೆ ಕಿಟ್ ಹಾಕಿಸಿದ್ದರೆ ಆರ್‌ಸಿಯಲ್ಲೂ ಇನ್ಶೂರೆನ್ಸ್‌ನಲ್ಲೂ ಅದು ನಮೂದಾಗಿರಬೇಕು. ಇಲ್ಲದಿದ್ದರೆ ಅಪಘಾತವಾದಾಗ ಕ್ಲೇಮಿಗೆ ತೊಂದರೆ. ಇನ್ನು, ನಿಮ್ಮ ಗಾಡಿ ದಿನಾ ಹೋಗುವ ದಾರಿಯಲ್ಲಿ ಗ್ಯಾಸ್ ಬಂಕ್ ಇದೆಯಾ, ನೀವು ಹೋಗುವ ಹೊತ್ತಿಗೆ ಎಷ್ಟುದ್ದ ಕ್ಯೂ ಇರುತ್ತದೆ ಅಂತ ಗಾಡಿ ಬುಕ್ ಮಾಡುವ ಮೊದಲೇ ಹೋಗಿ ನಿಂತು ನೋಡಿ. ಸುಮ್ನೆ ಕ್ಯೂನಲ್ಲಿ ಕಳೆದ ಹೊತ್ತಿಗೆ ಬಾಡಿಗೆ ಯಾರೂ ಕೊಡುವುದಿಲ್ಲ.

ಎಲೆಕ್ಟ್ರಿಕ್ ಗಾಡಿಯಲ್ಲಿ ಎಂಜಿನ್ನೇ ಇಲ್ಲ, ಆದರೂ ಒಂದೆರಡು ಮಾತು. ಮೋಟಾರಿನ ಪೂರ್ತಿ ಎಳೆತ ನಿಂತಲ್ಲಿಂದಲೇ ಸಿಗುತ್ತದೆ, ಕ್ಲಚ್ ಸುಡುವ ಪ್ರಶ್ನೆಯೇ ಇಲ್ಲ. 2022ರಲ್ಲಿ ಬಂದ ಟಾಟಾ ಏಸ್ ಇವಿಯ ಬ್ಯಾಟರಿ 21.3 ಕಿಲೋವ್ಯಾಟ್ ಅವರ್. ಅಂದರೆ ಪೂರ್ತಿ ಚಾರ್ಜಿಗೆ 21 ಯೂನಿಟ್‌ಗಿಂತ ತುಸು ಜಾಸ್ತಿ ಕರೆಂಟು. ನಿಮ್ಮ ಯೂನಿಟ್ ದರದಿಂದ ಗುಣಿಸಿ ನೋಡಿ. ಕಂಪನಿ ಹೇಳುವ ಓಟ 154 ಕಿಲೋಮೀಟರ್. ಲೋಡು ಹಾಕಿದಾಗ ಅಷ್ಟು ಬರುವುದಿಲ್ಲ ಅಂದುಕೊಂಡೇ ಲೆಕ್ಕ ಹಾಕಿ. ದಿನಾ ಒಂದೇ ಸುತ್ತು, ರಾತ್ರಿ ನಿಲ್ಲಿಸುವ ಜಾಗದಲ್ಲಿ ಸ್ವಂತ ಕರೆಂಟು ಇರುವವರಿಗೆ ಇದು ಒಳ್ಳೆಯ ದಾರಿ. ಎಲ್ಲಿಗೆ ಬಾಡಿಗೆ ಬಂದರೆ ಅಲ್ಲಿಗೆ ಹೋಗುವವರು ಇನ್ನೂ ಸ್ವಲ್ಪ ಕಾಯಲಿ.

ಜಗಳೂರು, ಮೊಳಕಾಲ್ಮುರು ಕಡೆ ಓಡುವವರಿಗೆ ಒಂದು ಮಾತು. ಯಾವ ಎಂಜಿನ್ ಆದರೂ ಏರ್ ಫಿಲ್ಟರ್ ಎಲ್ಲಿದೆ, ಕೈಗೆ ಸುಲಭವಾಗಿ ಸಿಗುತ್ತದಾ ಅಂತ ನೋಡಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಒಕ್ಕಣೆ ಕಣದಿಂದ ಬಂದ ಗಾಡಿಯ ಫಿಲ್ಟರ್ ತೆಗೆದು ನೆಲಕ್ಕೆ ತಟ್ಟಿದರೆ ಬೊಗಸೆ ತುಂಬ ಧೂಳು ಉದುರುತ್ತದೆ. ಗಾಳಿ ಸಿಗದ ಎಂಜಿನ್ ಕಪ್ಪು ಹೊಗೆ ಬಿಡುತ್ತದೆ, ಇಂಧನ ಕುಡಿಯುತ್ತದೆ. ಸರ್ವಿಸ್ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಬರುವವರೆಗೆ ನಮ್ಮ ಕಡೆಯ ಮಣ್ಣುದಾರಿಯಲ್ಲಿ ಕಾಯಬಾರದು. ಟರ್ಬೊ ಇರುವ ಡೀಸೆಲ್ ಆದರೆ, ದೂರ ಓಡಿ ಬಂದ ಕೂಡಲೇ ಆಫ್ ಮಾಡಬೇಡಿ. ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಟರ್ಬೊ ತಣ್ಣಗಾಗಲಿ.

ಕೊನೆಯದಾಗಿ ಟೆಸ್ಟ್ ಡ್ರೈವ್. ಖಾಲಿ ಗಾಡಿಯನ್ನು ಷೋರೂಮಿನ ಮುಂದೆ ಒಂದು ಸುತ್ತು ಹಾಕಿದರೆ ಏನೂ ತಿಳಿಯುವುದಿಲ್ಲ. ನಿಮ್ಮ ಲೋಡಿನಷ್ಟೇ ತೂಕ ಹಾಕಿ ಕೊಡಿ ಅಂತ ಕೇಳಿ. ಕೊಡದಿದ್ದರೆ ಅದೇ ಗಾಡಿ ಇಟ್ಟ ಪರಿಚಯದವರ ಜೊತೆ ಒಂದು ಬಾಡಿಗೆಗೆ ಹೋಗಿಬನ್ನಿ. ಮೇಲ್ಸೇತುವೆಯ ಏರಿನಲ್ಲಿ ಪೂರ್ತಿ ನಿಲ್ಲಿಸಿ, ಮೊದಲ ಗೇರಿನಲ್ಲಿ ಎಬ್ಬಿಸಿ ನೋಡಿ. ಎರಡನೇ ಗೇರಿಗೆ ಹಾಕಿದಾಗ ಎಂಜಿನ್ ಗುಕ್ಕು ಗುಕ್ಕು ಅನ್ನುತ್ತದಾ, ಸಲೀಸಾಗಿ ಎಳೆಯುತ್ತದಾ ಗಮನಿಸಿ. ಈ ಗಾಡಿಗಳಲ್ಲಿ ಎಂಜಿನ್ ಸೀಟಿನ ಕೆಳಗೇ ಇರುವುದು ಜಾಸ್ತಿ. ಹಾಗಾಗಿ ಅರ್ಧ ಗಂಟೆ ಓಡಿಸಿದ ಮೇಲೆ ಸೀಟಿನ ಮೇಲೆ ಕೈಯಿಟ್ಟು ಬಿಸಿ ಎಷ್ಟಿದೆ ನೋಡಿ. ನಿಮ್ಮ ಡ್ರೈವರ್ ಬೇಸಿಗೆಯಲ್ಲಿ ದಿನವಿಡೀ ಅಲ್ಲೇ ಕೂರಬೇಕು. ಡೀಸೆಲ್ ಆದರೆ ಡಿಪಿಎಫ್ ಇದೆಯಾ, ಅದನ್ನು ಬದಲಿಸಬೇಕಾಗಿ ಬಂದರೆ ಎಷ್ಟಾಗುತ್ತದೆ, ವಾರಂಟಿ ಅದಕ್ಕೂ ಇದೆಯಾ ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ. ಅಡ್ವಾನ್ಸ್ ಕೊಡುವುದು ಅದಾದ ಮೇಲೆ.

ನಮಸ್ಕಾರ.